ತಿರುಗಿ ಬಂದ ಟ್ಯಾಬ್

ತೇಪೆಯ ಮೂರು ಮಗ್ಗಲು ಹೊಲಿದಾಗಿತ್ತು. ನಾಲ್ಕನೆಯ ಮಗ್ಗಲಿಗೆ ದಬ್ಬಣ ಚುಚ್ಚುವಾಗ ಕೈ ತಾನಾಗಿಯೇ ನಿಂತಿತು. ಸುವರ್ಣಾ ತಲೆಯೆತ್ತಿ ಗೋಡೆಯ ಗೂಡಿನ ಕಡೆ ನೋಡಿದಳು. ಅಲ್ಲಿ ಎಣ್ಣೆಡಬ್ಬಿಗೆ ಆನಿಸಿಟ್ಟ ಅವಳ ಫೋನು ಸುಮ್ಮನೆ ಕೂತಿತ್ತು. ಅದು ಸುಮ್ಮನಿದೆ ಎಂದು ಗೊತ್ತಿದ್ದೂ ದಿನವೂ ಈ ಹೊತ್ತಿಗೆ ಕಣ್ಣು ಅತ್ತ ಹೋಗುತ್ತಿತ್ತು.

ಬೀದರಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ಅವಳ ಗಂಡ ಶಿವರಾಜಪ್ಪನದು ಗೋಣಿಚೀಲದ ಅಂಗಡಿ. ಹರಕು ಚೀಲಗಳ ಗಂಟು ಬೆಳಿಗ್ಗೆ ಮೈಲೂರಿನ ಮನೆಗೆ ಬರುತ್ತಿತ್ತು, ತೇಪೆ ಹಾಕಿಸಿಕೊಂಡು ಸಂಜೆಗೆ ತಿರುಗಿ ಹೋಗುತ್ತಿತ್ತು. ತೊಗರಿಯ ಧೂಳು ಕೂದಲಿಗೆ, ಸುತಳಿಯ ಎಳೆ ಸೀರೆಗೆ. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ. ಅದರ ಬಗ್ಗೆ ಯಾರೂ ಏನೂ ಕೇಳಿದವರಲ್ಲ, ಭಾಲ್ಕಿಯ ಆ ಹುಡುಗಿ ಬರುವ ತನಕ.

ಸಪ್ನಾ ಮಗ ಸಿದ್ದೇಶ್ವರನಿಗೆ ಗೊತ್ತಾದ ಹುಡುಗಿ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಭಾಲ್ಕಿಗೆ ಹೋಗಿ, ಸೀರೆ ಉಡಿಸಿ, ಸಕ್ಕರೆ ತಿನ್ನಿಸಿ, ಮಾತು ಗಟ್ಟಿ ಮಾಡಿಕೊಂಡು ಬಂದಿದ್ದರು. ಹುಡುಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿದ್ದಾಳೆ, ಉಪಯೋಗವಾಗಲಿ ಎಂದು ಸಿದ್ದು ಒಂದು ಟ್ಯಾಬ್ ಕೊಡಿಸಿದ. ಓದಿಗೆ ಓದೂ ಆಯಿತು, ಮುಖ ನೋಡಿಕೊಂಡು ಮಾತಾಡಲಿಕ್ಕೂ ಆಯಿತು ಎನ್ನುವ ಲೆಕ್ಕ. ಆದರೆ ಸಿದ್ದು ಮಾತಿನವನಲ್ಲ. 'ಊಟ ಆಯ್ತೇನು', 'ಮತ್ತ', 'ಮತ್ತೇನಿಲ್ಲ' ಎನ್ನುವಷ್ಟಕ್ಕೆ ಅವನ ಬುಟ್ಟಿ ಖಾಲಿ. ಒಂದು ದಿನ ಫೋನನ್ನು ತಾಯಿಯ ಕೈಗೆ ಕೊಟ್ಟು ಸ್ನಾನಕ್ಕೆ ಹೋದ. ಅವನು ತಲೆ ಒರೆಸಿಕೊಂಡು ಬಂದು, ಉಂಡು, ಅಂಗಡಿಗೆ ಹೋದ ಮೇಲೂ ಅತ್ತೆ-ಸೊಸೆಯ ಮಾತು ಮುಗಿದಿರಲಿಲ್ಲ.

ಅಲ್ಲಿಂದ ಮುಂದೆ ಮಧ್ಯಾಹ್ನಗಳು ಅವರಿಬ್ಬರವೇ ಆದವು. ಸುವರ್ಣಾ ಫೋನನ್ನು ಡಬ್ಬಿಗೆ ಆನಿಸಿಟ್ಟು ಚೀಲ ಹೊಲಿಯುತ್ತಿದ್ದಳು. ಆ ಕಡೆ ಸಪ್ನಾ ಪುಸ್ತಕ ಹರಡಿಕೊಂಡು ಕೂತಿರುತ್ತಿದ್ದಳು. "ಅತ್ತಿ, ಚೀಲ ಮೂಸಿ ನೋಡೇ ಇದ್ರಾಗ ಹೆಸರು ಇತ್ತೋ ಕಡ್ಲಿ ಇತ್ತೋ ಹ್ಯಾಂಗ ಹೇಳ್ತೀರಿ?" ಎಂದು ಕೇಳುತ್ತಿದ್ದಳು. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು ನೋಡಿದರೆ ಒಳಗೆ ಏನೇನು ಕಾಣುತ್ತದೆ ಎಂದು ತಾನು ಹೇಳುತ್ತಿದ್ದಳು. ಕೆಲವೊಮ್ಮೆ ಇಬ್ಬರೂ ಏನೂ ಮಾತಾಡದೆ ತಮ್ಮ ತಮ್ಮ ಕೆಲಸ ಮಾಡಿಕೊಂಡು ಕೂತಿರುತ್ತಿದ್ದರು. ಸುವರ್ಣಾಳಿಗೆ ಅದೇ ಎಲ್ಲಕ್ಕಿಂತ ಸೇರುತ್ತಿತ್ತು.

ಕೋರ್ಸ್ ಮುಗಿದದ್ದೇ ಸಪ್ನಾಳಿಗೆ ಔರಾದದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮದುವೆಯ ತಾರೀಖು ಮಾತಾಡಲು ಎರಡೂ ಮನೆಯವರು ಕೂತ ದಿನ ಶಿವರಾಜಪ್ಪ, "ನಮ್ಮನಿ ಸೊಸಿ ದಿನಾ ಬಸ್ ಹತ್ತಿ ಹೋಗಿ ಮಂದಿ ರಕ್ತ ತೆಗಿಯೋದು ಬ್ಯಾಡ" ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅಂಗಡಿಯಲ್ಲಿ ಮಾಲು ಬೇಡ ಎನ್ನುವ ಹಾಗೆ ಸಹಜವಾಗಿ ಅಂದ. ಸಿದ್ದು ಫೋನ್ ನೋಡುತ್ತ ಕೂತ. ಸುವರ್ಣಾ ಒಳಗೆ ಭಜಿ ಕರಿಯುತ್ತಿದ್ದಳು. ನಾಲ್ಕು ದಿನ ಬಿಟ್ಟು ಭಾಲ್ಕಿಯಿಂದ ಉತ್ತರ ಬಂತು. ಹುಡುಗಿ ಒಲ್ಲೆ ಅಂದಳಂತೆ.

ಸಿದ್ದುವನ್ನು ಗೆಳೆಯರು ಸಮಾಧಾನ ಮಾಡಿದರು. ಶಿವರಾಜಪ್ಪನಿಗೆ ಗಂಜಿನವರು, ಬಿಡ್ರಿ, ಋಣ ಇರಲಿಲ್ಲ ಎಂದರು. ಸುವರ್ಣಾಳಿಗೆ ಯಾರೂ ಏನೂ ಅನ್ನಲಿಲ್ಲ. ಅವಳದೇನು ಹೋಗಿತ್ತು? ನಿಶ್ಚಯ ಮುರಿದರೆ ಹುಡುಗ ಕಳೆದುಕೊಳ್ಳುತ್ತಾನೆ, ಹುಡುಗಿ ಕಳೆದುಕೊಳ್ಳುತ್ತಾಳೆ. ಅತ್ತೆಯಾಗಬೇಕಾದವಳು ಏನನ್ನೋ ಕಳೆದುಕೊಂಡಳು ಅಂತ ಎಲ್ಲಿಯೂ ಇಲ್ಲ. ಅವಳಿಗೆ ಒಂದೇ ಒಂದು ಮಾತು ಕೇಳುವುದಿತ್ತು: ನನ್ನನ್ನೂ ಬಿಟ್ಟೆಯೇನು? ಕೇಳಲು ದಾರಿಯಿರಲಿಲ್ಲ. ಸಿದ್ದು ತನ್ನ ಫೋನಿನಿಂದ ಆ ನಂಬರ್ ತೆಗೆದ ದಿನವೇ ತಾಯಿಯ ಫೋನಿನಿಂದಲೂ ತೆಗೆದಿದ್ದ. ಮಾತು ಮುರಿದ ಮೇಲೆ ಎರಡು ಮನೆಗಳು ನೇರವಾಗಿ ಮಾತಾಡುವ ರೂಢಿಯೂ ಇಲ್ಲ. ಏನಿದ್ದರೂ ನಡುವಿನವರ ಮೂಲಕ.

ನಡುವಿನವಳು ರುಕ್ಮಿಣಿಬಾಯಿ. ಔರಾದದವಳು, ಶಿವರಾಜಪ್ಪನ ದೊಡ್ಡಪ್ಪನ ಮಗಳು. ಸಂಬಂಧ ಕೂಡಿಸಿದವಳೂ ಅವಳೇ, ಈಗ ಬಿಡಿಸುವವಳೂ ಅವಳೇ. ಆ ದಿನ ಸುವರ್ಣಾ ನಾಲ್ಕನೆಯ ಮಗ್ಗಲು ಮುಗಿಸುವಷ್ಟರಲ್ಲಿ ಆಟೋ ನಿಂತ ಸದ್ದಾಯಿತು. ರುಕ್ಮಿಣಿಬಾಯಿ ಒಂದು ಟ್ರಂಕನ್ನು ಡ್ರೈವರನ ಕೈಯಿಂದ ಹೊರಿಸಿಕೊಂಡು ಒಳಗೆ ಬಂದಳು.

"ಭಾಲ್ಕಿಗೆ ಹೋಗಿ ಎಲ್ಲಾ ಜಮಾ ಮಾಡ್ಕೊಂಡು ಬಂದೆ ತಂಗಿ. ಮೊದ್ಲ ನೀರು ಕೊಡು. ಆ ಬಸ್ಸಿನಾಗ ಕೂತು ನನ್ನ ನಡಾ ಬಿಚ್ಚಿ ಕೈಯಾಗ ಬಂದದ."

ಕೊಟ್ಟದ್ದೆಲ್ಲ ತಿರುಗಿ ಬರಬೇಕು. ಉಂಡದ್ದು ತಿಂದದ್ದು ಬಿಟ್ಟು. ಸೀರೆಗಳನ್ನು ಭಾಲ್ಕಿಯವರು ಇಸ್ತ್ರಿ ಮಾಡಿಸಿ ಕಳಿಸಿದ್ದರು. ಕಾಲುಚೈನು ಅರಿಶಿನದ ಬಟ್ಟೆಯಲ್ಲಿ ಸುತ್ತಿತ್ತು. ರುಕ್ಮಿಣಿಬಾಯಿ ಒಂದೊಂದೇ ತೆಗೆದು ಮಂಚದ ಮೇಲೆ ಹರವುತ್ತ, "ನೋಡ್ಕೋ, ಆಮ್ಯಾಲ ಅದಿಲ್ಲ ಇದಿಲ್ಲ ಅಂದೀ" ಎನ್ನುತ್ತಿದ್ದಳು. ಕೊನೆಗೆ ಟ್ಯಾಬ್ ಹೊರಬಂತು. ಒಂದು ಮೂಲೆಯಲ್ಲಿ ಸಣ್ಣ ಗೀರು. ಚಾರ್ಜರಿನ ವೈರನ್ನು ಯಾರೋ ನೀಟಾಗಿ ಸುತ್ತಿ ತಲೆಗೆ ಕಟ್ಟುವ ಕರಿ ರಬ್ಬರ್ ಹಾಕಿದ್ದರು.

"ಇಕಾ, ನಿಮ್ಮ ಕರೆಂಟಿನ ಪಾಟಿ. ಅಂಗಡ್ಯಾಗ ಕೊಟ್ಟು ಒಳಗಿನದೆಲ್ಲಾ ತೊಳಿಸ್ಯಾರ. ಹುಡುಗಿದೊಂದು ಫೋಟೋ ಸೈತ ಮಂದಿ ಮನ್ಯಾಗ ಉಳೀಬಾರದಂತ. ಮರ್ಯಾದಿ ಮಂದಿ ನೋಡು, ಅದೊಂದು ಒಪ್ಪಬೇಕು."

"ಆಕಿ ಹ್ಯಾಂಗ ಅದಾಳ್ರಿ, ಅಕ್ಕೋರೇ?" ಸುವರ್ಣಾ ಸೀರೆಯ ಮಡಿಕೆ ಸರಿಮಾಡುತ್ತ ಕೇಳಿದಳು.

"ಯಾಕಿ?"

"ಆಕಿನೇ."

"ಹೋದದ್ದರ ಸುದ್ದಿ ಯಾಕ ಬೇಕವ್ವಾ ನಿನಗ? ದಿನಾ ಭಾಲ್ಕಿಯಿಂದ ನಮ್ಮೂರಿಗಿ ಬರ್ತಾಳ. ಬಸ್‌ಸ್ಟ್ಯಾಂಡಿನ ಎದರೀಗೆ ಲ್ಯಾಬು. ನನ್ನ ಕಂಡ್ರ ಶರಣ್ರೀ ಅಂತಾಳ. ನಾ ಹಾಂ ಅಂತೇನಿ. ಅಷ್ಟೇ." ರುಕ್ಮಿಣಿಬಾಯಿ ನೀರಿನ ತಂಬಿಗೆ ಕೆಳಗಿಟ್ಟಳು. "ನಾ ನಿಮ್ಮ ಸಿದ್ದುಗ ಇನ್ನೊಂದು ಕಡಿ ನೋಡ್ಲತ್ತೇನಿ. ಚಿಂತಿ ಮಾಡಬ್ಯಾಡ."

ಸಂಜೆ ಶಿವರಾಜಪ್ಪ ಟ್ಯಾಬನ್ನು ಕೈಯಲ್ಲಿ ತೂಗಿ ನೋಡಿದ. ಗಂಜಿನ ಧಾರಣೆಯೆಲ್ಲ ಈಗ ಫೋನಿಗೆ ಬರುತ್ತಿತ್ತು. ಸಣ್ಣ ಅಕ್ಷರ ಅವನ ಕಣ್ಣಿಗೆ ಹತ್ತುತ್ತಿರಲಿಲ್ಲ. "ಇದು ಅಂಗಡ್ಯಾಗ ಇರ್ಲಿ. ದೊಡ್ಡದು ಕಾಣ್ತದ" ಎಂದ. ಸಿದ್ದು ಅದನ್ನು ಚಾಲೂ ಮಾಡಿ ಮನೆಯ ವೈಫೈ ಹಾಕಿದ. ಸ್ವಾಗತ ಎಂದಿತು, ಭಾಷೆ ಕೇಳಿತು, ಆಮೇಲೆ ನಿಂತುಬಿಟ್ಟಿತು. ಈ ಸಾಧನದಲ್ಲಿ ಮೊದಲು ಇದ್ದ ಖಾತೆಯಿಂದಲೇ ಒಳಗೆ ಬನ್ನಿ ಎಂದು ಬರೆದಿತ್ತು. ಸಿದ್ದು ಒಂದು ಗಳಿಗೆ ಆ ಸಾಲನ್ನೇ ನೋಡಿದ. ಟ್ಯಾಬನ್ನು ತಾಯಿಯ ಮುಂದಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

"ಕಲೀಮನ ಹತ್ರ ಒಯ್ದು ತೋರ್ಸು. ಆಗಲಿಲ್ಲಂದ್ರ ಬಿಡಿಭಾಗಕ್ಕ ಕೊಟ್ಟು ಬಾ" ಎಂದ ಶಿವರಾಜಪ್ಪ.

ಕಲೀಮನದು ಚಿದ್ರಿಯ ರಸ್ತೆಯ ಮೇಲೆ ಮೊಬೈಲ್ ರಿಪೇರಿ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ಅವನು ಟ್ಯಾಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕ.

"ಇದನ್ನ ತೊಳದವರು ಯಾರ್ರೀ ಅಕ್ಕಾ? ಮನಿ ಎಲ್ಲಾ ಖಾಲಿ ಮಾಡಿ ಕೀಲಿ ಹಂಗೇ ಬಿಟ್ಟಾರ. ಮೊದ್ಲ ಅಕೌಂಟ್ ತೆಗದು ಆಮ್ಯಾಲ ಸಾಫ್ ಮಾಡ್ಬೇಕಿತ್ತು. ಇವ್ರು ಬಟನ್ ಒತ್ತಿ ಸೀದಾ ಸಾಫ್ ಮಾಡ್ಯಾರ. ಕಳುವಿನ ಮಾಲಿರಬಹುದು ಅಂತ ಇದು ಹಟಾ ಹಿಡದದ."

"ಕಳುವಿಂದಲ್ಲಪ್ಪ."

"ನನಗ ಗೊತ್ತ ಅದರಿ. ಇದಕ್ಕ ಗೊತ್ತಿಲ್ಲ ನೋಡ್ರಿ. ಅಡ್ಡದಾರಿಲೆ ತೆಗಿಯೋರೂ ಇದ್ದಾರ, ನಾ ಆ ಕೆಲಸ ಮಾಡಲ್ಲ. ಯಾರದಿತ್ತೋ ಅವ್ರನ್ನೇ ಕೇಳ್ರಿ. ಮೇಲ್ ಐಡಿ ಕೊಟ್ರ ಅವ್ರ ಫೋನಿಗೆ ಕೋಡ್ ಬರ್ತದ. ಅದನ್ನ ಹೇಳಿದ್ರ ಸಾಕು."

ಸುವರ್ಣಾಳಿಗೆ ವಿಚಿತ್ರವೆನಿಸಿತು. ಹುಡುಗಿಯ ಗುರುತು ಒಂದೂ ಉಳಿಯಬಾರದೆಂದು ಒರೆಸಿ ಕಳಿಸಿದ್ದರು. ಒಳಗೆ ಏನೂ ಉಳಿದಿರಲಿಲ್ಲ, ನಿಜ. ಆದರೆ ಆ ಖಾಲಿ ಹಲಗೆ ಅವಳೊಬ್ಬಳನ್ನು ಬಿಟ್ಟು ಯಾರನ್ನೂ ಗುರುತಿಸಲು ಒಲ್ಲೆ ಎನ್ನುತ್ತಿತ್ತು.

ಅವಳು ರುಕ್ಮಿಣಿಬಾಯಿಗೆ ಫೋನ್ ಮಾಡಿ ಸಂಗತಿ ಹೇಳಿದಳು.

"ಆಕಿ ನಂಬರ್ ಕೊಡ್ರಿ ಅಕ್ಕೋರೇ, ನಾನೇ ಕೇಳ್ತೇನಿ."

"ನೀ ಕೇಳ್ತೀ? ಮುರಿದ ಮನಿಗೆ ನೀ ಫೋನ್ ಹಚ್ಚಿದ್ರ ನಾ ಯಾಕ ಇರಬೇಕು, ಉಪ್ಪಿನಕಾಯಿ ಹಾಕ್ಲಿಕ್ಕಾ? ನಾಳೆ ಐತವಾರ, ಹುಡುಗಿ ಮನ್ಯಾಗ ಇರ್ತಾಳ. ನೀ ಅಂಗಡ್ಯಾಗ ಕೂಡು. ಎಲ್ಲಾ ನಾ ತರಸ್ತೇನಿ."

ಭಾನುವಾರ ಸುವರ್ಣಾ ಕಲೀಮನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಳು. ಮೇಲ್ ಐಡಿ ಬರಲಿಕ್ಕೇ ಬಹಳ ಹೊತ್ತಾಯಿತು. ಆಮೇಲೆ ಕಲೀಮ ಒತ್ತಿದ. ಭಾಲ್ಕಿಯಲ್ಲಿ ಸಪ್ನಾಳ ಫೋನಿಗೆ ಕೋಡ್ ಹೋಯಿತು. ಸಪ್ನಾ ಅದನ್ನು ತನ್ನ ತಾಯಿಗೆ ಹೇಳಿದಳು. ತಾಯಿ ಔರಾದದ ರುಕ್ಮಿಣಿಬಾಯಿಗೆ ಹೇಳಿದಳು. ರುಕ್ಮಿಣಿಬಾಯಿ ಬೀದರಿನ ಸುವರ್ಣಾಳಿಗೆ ಹೇಳಿದಳು, ಅದೂ ಹೇಗೆ, ಮೊದಲು ಭಾಲ್ಕಿಯವರ ಯೋಗಕ್ಷೇಮ ಹೇಳಿ, ಆಮೇಲೆ ಅಂಕಿಗಳನ್ನು ತಮ್ಮೂರಿನ ರೂಢಿಯಂತೆ ಮರಾಠಿಯಲ್ಲಿ ಎಣಿಸಿ. ಕಲೀಮ ಹೊಡೆದ. ಕೋಡಿನ ಅವಧಿ ಮುಗಿದಿದೆ ಎಂದಿತು.

"ಮುಗೀತಂದ್ರ? ಈಗಿನ್ನಾ ಬಂದದಲ್ಲ!" ರುಕ್ಮಿಣಿಬಾಯಿಯ ದನಿ ಫೋನಿನಿಂದ ಅಂಗಡಿಗೆಲ್ಲ ಕೇಳಿಸಿತು. "ಹಾಲೇನದು, ಒಡೀಲಿಕ್ಕೆ?"

"ಹಾಲಿಗಿಂತ ಜಲ್ದಿ ಒಡೀತದ್ರಿ ಬಾಯಾರ" ಎಂದ ಕಲೀಮ.

ಎರಡನೆಯ ಕೋಡ್ ಬಂದಾಗ ಭಾಲ್ಕಿಯಲ್ಲಿ ತಾಯಿ ಒಲೆಯ ಮುಂದಿದ್ದಳು. ಮೂರನೆಯದು ಬರುವಷ್ಟರಲ್ಲಿ ರುಕ್ಮಿಣಿಬಾಯಿಯ ಮನೆಗೆ ಯಾರೋ ಬಂದು, ಅವಳು ಅವರಿಗೂ ಈ ಕತೆಯನ್ನು ಮೊದಲಿನಿಂದ ಹೇಳುತ್ತ ನಿಂತಳು. ಆಮೇಲೆ ಟ್ಯಾಬು, ಬಹಳ ಸಲ ಪ್ರಯತ್ನಿಸಿದ್ದೀರಿ, ಇನ್ನೊಮ್ಮೆ ಬನ್ನಿ ಎಂದು ಬಾಗಿಲು ಹಾಕಿಕೊಂಡಿತು.

ಕಲೀಮ ಅದನ್ನು ಚೀಲದಲ್ಲಿ ಹಾಕಿ ಕೊಟ್ಟ. ಎಲ್ಲಿ ಏನು ಒತ್ತಬೇಕೆಂದು ಅವಳಿಂದಲೇ ಒತ್ತಿಸಿ ಕಲಿಸಿದ. "ನಾಳೆ ಮನ್ಯಾಗೇ ಮಾಡ್ರಿ ಅಕ್ಕಾ. ಕೋಡ್ ಬರೋ ಫೋನ್ ಹಿಡದವರು, ಇದನ್ನ ಹಿಡದವರು, ಇಬ್ಬರೂ ಒಂದೇ ಲೈನಿನ ಮ್ಯಾಲ ಇರಬೇಕು. ನಡುವ ಯಾರರೆ ಇದ್ದರ ಇದು ತೆರಿಯಲ್ಲ."

ಮರುದಿನ ಮಧ್ಯಾಹ್ನ ಚೀಲದ ಬಾಯಿ ಮಡಿಚಿ ಹೊಲಿಯುತ್ತಿದ್ದಾಗ ಗೂಡಿನ ಫೋನು ಹಾಡಿತು. ಗೊತ್ತಿಲ್ಲದ ನಂಬರು. ಸುವರ್ಣಾ ದಬ್ಬಣವನ್ನು ಚೀಲಕ್ಕೇ ಚುಚ್ಚಿ ಎದ್ದಳು.

"ಹಲೋ... ನಾನ್ರೀ."

ಸುವರ್ಣಾ ನೆಲಕ್ಕೆ ಕೂತು ಗೋಡೆಗೆ ಬೆನ್ನು ಕೊಟ್ಟಳು. "ಗೊತ್ತಾಯ್ತು" ಎಂದಳು.

"ನಿನ್ನಿ ಸಂಜಿಮಟ ರುಕ್ಮಿಣಿಬಾಯಾರ ಫೋನ್ ನಿಂದ್ರಲಿಲ್ರಿ. ನಮ್ಮವ್ವನ ಕಿವಿ ಕಾದು ಕೆಂಪಗಾಗ್ಯಾವ. ಅವ್ವನ ಫೋನಿನಾಗ ನಿಮ್ಮ ನಂಬರ್ ಇನ್ನಾ ಇತ್ತು. ಅದಕ್ಕ ನಾನೇ ಹಚ್ಚೀನಿ. ಲ್ಯಾಬಿನಾಗ ಈಗ ಊಟದ ಟೈಮ್."

"ಹ್ಯಾಂಗ ಇದ್ದಿ?"

"ಅದೀನ್ರಿ. ನೀವು?"

"ಅದೀನಿ."

ಅಲ್ಲಿಗೆ ಮಾತು ನಿಂತಿತು. ಮಧ್ಯಾಹ್ನಗಟ್ಟಲೆ ಮಾತಾಡಿದವರು ಈಗ ಅಂಗಡಿಯಲ್ಲಿ ಕಾಸು ಮರೆತು ಬಂದವರಂತೆ ನಿಂತರು.

"ಊಟ ಆಯ್ತೇನು?" ಎಂದಳು ಸುವರ್ಣಾ.

"ಆಯ್ತ್ರಿ. ಮತ್ತ?"

"ಮತ್ತೇನಿಲ್ಲ."

ಆ ಕಡೆಯಿಂದ ಮೂಗಿನಲ್ಲಿ ಬಿಗಿಹಿಡಿದ ಸದ್ದೊಂದು ಬಂತು, ಆಮೇಲೆ ಸಪ್ನಾ ನಕ್ಕುಬಿಟ್ಟಳು. ಸಿದ್ದುವಿನ ಮಾತನ್ನೇ ತಾವಿಬ್ಬರೂ ಒಪ್ಪಿಸಿದೆವೆಂದು ಹೊಳೆದು ಸುವರ್ಣಾಳಿಗೂ ನಗು ಬಂತು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಈಗ ನಿಮಗ ಏನಂತ ಕರೀಬೇಕು ತಿಳೀವಲ್ದು" ಎಂದಳು ಸಪ್ನಾ. "ಅತ್ತಿ ಅನ್ನಂಗಿಲ್ಲ. ಚಿಕ್ಕವ್ವ, ಕಾಕು ಅನ್ನಬೇಕಂದ್ರ ನಾಲಿಗಿ ಹೊಳ್ಳವಲ್ದು."

"ಏನೂ ಕರೀಬ್ಯಾಡ. ಮಾತಾಡು."

"ಟ್ಯಾಬ್ ಎದುರಿಗಿ ಇಟ್ಕೋರಿ. ಕೋಡ್ ಕಳಿಸು ಅಂತ ಒತ್ತರಿ. ಹಾಂ, ಬಂತು ನನಗ..."

"ತಡಿ. ಕೆಲಸ ಹ್ಯಾಂಗ ನಡದದ? ಅದು ಹೇಳು ಮೊದ್ಲ."

ಫೋನಿನ ಹಿಂದೆ ಬಸ್ಸಿನ ಹಾರ್ನು, ಶೇಂಗಾ ಮಾರುವವನ ಕೂಗು ಕೇಳಿಸಿದವು.

"ಖರೆ ಹೇಳ್ಲೇನ್ರಿ? ಮನ್ಯಾಗ ಎಲ್ಲಾ ಚಂದ ನಡದದ ಅಂತ ಹೇಳೀನಿ. ಇಲ್ಲಿ ನನ್ನ ಮುಂದ ಯಾರೂ ತೋಳು ಚಾಚವಲ್ರು. ಒಬ್ಬಾಕಿ ಮುದುಕಿ ನನ್ನ ಕೈಯಾಗ ಸೂಜಿ ಕಂಡದ್ದೇ ತೋಳು ಸೆರಗಿನಾಗ ಮುಚ್ಗೊಂಡಳು. ನೀ ಇನ್ನಾ ಹುಡುಗಿ, ಆ ಸರ್ ಬರ್ಲಿ ಅಂದಳು. ಎಲ್ಲಾರೂ ಹಂಗೇ. ಸರ್ ಕೆಟ್ಟವ್ರಲ್ಲ, ಮಂದಿ ಕೂಡ್ಲಿಕ್ಕೆ ಒಲ್ಲೆ ಅಂದ್ರ ಅವ್ರರೆ ಏನ್ ಮಾಡ್ತಾರ? ದಿನಾ ಬಾಟ್ಲಿಗೆ ಚೀಟಿ ಹಚ್ಚದು, ಗಾಜು ತೊಳಿಯದು. ಇದಕ್ಕಾಗಿ ಅಷ್ಟೆಲ್ಲಾ..."

"ಸೂಜಿ ಹಿಡದಾಗ ಕೈ ನಡಗ್ತದೇನು ನಿಂದು?"

"ಇಲ್ರಿ. ಅವ್ರು ಕೈ ಹಿಂದಕ್ಕ ಎಳ್ಕೊಂಡ್ರ ನಡಗ್ತದ."

ಸುವರ್ಣಾ ಚೀಲಕ್ಕೆ ಚುಚ್ಚಿದ್ದ ದಬ್ಬಣವನ್ನು ನೋಡಿದಳು. ಇಷ್ಟು ದಿನ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟಳು.

"ಸಪ್ನಾ, ನನ್ನ ಮ್ಯಾಲ ಸಿಟ್ಟು ಅದೇನು?"

"ಸಿಟ್ಟಿಲ್ರಿ" ಎಂದಳು ಸಪ್ನಾ. "ಕಾದೆ. ನೀವು ಒಂದು ಫೋನ್ ಮಾಡ್ತೀರಿ ಅಂತ ಅನ್ಕೊಂಡಿದ್ದೆ."

"ನನ್ನ ಹತ್ರ ನಂಬರ್ ಇರಲಿಲ್ಲವ್ವಾ. ತೆಗದಿದ್ದ."

"ಹೌದೇನ್ರಿ?" ಎಂದಳು ಸಪ್ನಾ. 'ಕೇಳಿ ತಗೋಬಹುದಿತ್ತಲ್ಲ' ಎಂದು ಅವಳು ಅನ್ನಲಿಲ್ಲ. ಸುವರ್ಣಾಳಿಗೆ ಅದು ಕೇಳಿಸಿತು.

"ಅಯ್ಯ, ಕೋಡ್ ಸತ್ತು ಹೋತು!" ಸಪ್ನಾ ಒಮ್ಮೆಲೆ ಕೂಗಿದಳು. "ಮಾತಾಡ್ಕೋತ ಕೂತ್ವಿ ನೋಡ್ರಿ. ಇನ್ನೊಮ್ಮಿ ಒತ್ತರಿ. ಈಗ ಸುದ್ದಿ ಇಲ್ಲ. ಹೇಳ್ತೇನಿ, ಹೊಡಿರಿ."

ಒಂದೊಂದೇ ಅಂಕಿ. ಸಪ್ನಾ ಹೇಳಿದಳು, ಸುವರ್ಣಾ ತೋರುಬೆರಳಿನಿಂದ ಒತ್ತಿದಳು. ಟ್ಯಾಬು ಒಂದು ಚಕ್ರ ತಿರುಗಿಸುತ್ತ ಯೋಚಿಸಿತು. ಮತ್ತೆರಡು ಕಡೆ ಮುಂದೆ, ಮುಂದೆ ಎಂದು ಒತ್ತಿಸಿಕೊಂಡಿತು. ಆಮೇಲೆ ಯಾವ ಸದ್ದೂ ಇಲ್ಲದೆ ತೆರೆದುಕೊಂಡಿತು.

"ತೆರೀತು" ಎಂದಳು ಸುವರ್ಣಾ, ಮಲಗಿದ ಕೂಸು ಏಳುತ್ತದೇನೋ ಎನ್ನುವಂಥ ದನಿಯಲ್ಲಿ.

ಒರೆಸಿ ಹಾಕಿದ್ದೆಲ್ಲ ಅವಳ ಖಾತೆಯಿಂದ ಒಂದೊಂದಾಗಿ ತಿರುಗಿ ಬರತೊಡಗಿತು. ಪರೀಕ್ಷೆಯ ಪಾಠಗಳು, ಒಂದು ಆಟ, ಭಾಲ್ಕಿಯ ಮನೆಯ ಅಂಗಳದ ಬೆಕ್ಕು. ಸಪ್ನಾ, "ಫೋಟೋ ನೋಡಬ್ಯಾಡ್ರಿ, ಸೀದಾ ಸೆಟಿಂಗಿಗೆ ಹೋಗ್ರಿ" ಎಂದಳು. ಹೋಗುವುದರಲ್ಲೇ ಬೆರಳು ಎಲ್ಲೋ ತಾಗಿತು. ಒಬ್ಬ ಹೆಂಗಸಿನ ಫೋಟೋ ಪರದೆಯ ತುಂಬ ತೆರೆದುಕೊಂಡಿತು. ಹಲ್ಲಿನ ನಡುವೆ ಸುತಳಿ ಕಚ್ಚಿ ಹಿಡಿದಿದ್ದಾಳೆ. ಕೂದಲಲ್ಲಿ ಧೂಳು. ಏನನ್ನೋ ಕೇಳಿ ತಡೆಯಲಾರದೆ ನಗುತ್ತಿದ್ದಾಳೆ, ಕಣ್ಣು ಮುಚ್ಚಿಯೇ ಹೋಗಿವೆ.

"ಯಾರೇ ಇಕಿ, ಹಲ್ಲು ಕಿಸದಾಕಿ?"

"ನೋಡಬ್ಯಾಡಂದ್ರ ನೋಡ್ಲತ್ತೀರಿ!" ಸಪ್ನಾಳ ದನಿ ಸಣ್ಣದಾಯಿತು. "ನೀವು ಮಾತಾಡುವಾಗ ಹಿಡಕೊಂಡಿದ್ದೆ. ನಿಮಗ ಹೇಳಿರಲಿಲ್ಲ."

ಮದುವೆಗಳಲ್ಲಿ, ಆಧಾರ್ ಕಾರ್ಡಿನಲ್ಲಿ ಸುವರ್ಣಾ ತನ್ನ ಮುಖ ನೋಡಿದ್ದಳು. ಅದು ಯಾವಾಗಲೂ ಯಾರೋ ನಿಲ್ಲು ಅಂದದ್ದಕ್ಕೆ ನಿಂತ ಮುಖ. ಈ ಮುಖ ಅವಳಿಗೆ ಗೊತ್ತೇ ಇರಲಿಲ್ಲ.

"ನಿಮಗ ಕಳಿಸ್ಲೇನ್ರಿ ಅದನ್ನ?"

"ಬ್ಯಾಡ. ನಿನ್ನ ಹತ್ರೇ ಇರ್ಲಿ."

ಆಮೇಲೆ ಸಪ್ನಾ ಹೇಳುತ್ತ ಹೋದಳು, ಸುವರ್ಣಾ ಒತ್ತುತ್ತ ಹೋದಳು. ಖಾತೆಗಳು, ಅದರೊಳಗೆ ಸಪ್ನಾಳ ಹೆಸರು, ಅದರ ಕೆಳಗೆ 'ತೆಗೆದುಹಾಕು' ಎಂಬ ಅಕ್ಷರ. ಸುವರ್ಣಾಳ ಬೆರಳು ಅದರ ಮೇಲೆ ನಿಂತಿತು.

"ಈಗ ತೆರದದಲ್ಲ, ಇಲ್ಲಿಂದ ನಾನೂ ತೆಗೀಬಹುದ್ರಿ" ಎಂದಳು ಸಪ್ನಾ. "ಆದ್ರ ನೀವೇ ತೆಗೀರಿ. ನೀವು ತೆಗದ್ರ ನನಗೇನೂ ಅನಸಲ್ಲ."

ಒತ್ತಿದಳು. ನಿಜವಾಗಿಯೂ ತೆಗೆಯಬೇಕೇ ಎಂದು ಅದು ಇನ್ನೊಮ್ಮೆ ಕೇಳಿತು. ಹೌದು ಎಂದು ಒತ್ತಿದಳು. ಬೆಕ್ಕು ಹೋಯಿತು, ಪಾಠ ಹೋಯಿತು, ಸುತಳಿ ಕಚ್ಚಿದ ಹೆಂಗಸು ಹೋದಳು. ಟ್ಯಾಬು ಯಾರದೂ ಅಲ್ಲದ್ದಾಯಿತು.

"ಆಯ್ತ್ರಿ ಹಂಗಾರ. ಸರ್ ಕರೀಲತ್ತಾರ" ಎಂದಳು ಸಪ್ನಾ. ಫೋನ್ ಇಡಲಿಲ್ಲ. ಸುವರ್ಣಾಳೂ ಇಡಲಿಲ್ಲ. ಸ್ವಲ್ಪ ಹೊತ್ತು ಬಸ್‌ಸ್ಟ್ಯಾಂಡಿನ ಗದ್ದಲವನ್ನು ಕೇಳುತ್ತ ಕೂತಳು. ಆಮೇಲೆ ಕರೆ ತಾನಾಗಿ ಕಟ್ಟಾಯಿತು.

ಸಂಜೆ ಶಿವರಾಜಪ್ಪ ಹೊಸ ಎಮ್ಮೆ ಕೊಂಡವನಂತೆ ಟ್ಯಾಬಿನ ಸುತ್ತ ಮುತ್ತ ನೋಡಿ, ತನ್ನ ಖಾತೆ ಹಾಕಿಸಿಕೊಂಡು, ತೊಗರಿಯ ಧಾರಣೆಯನ್ನು ಗಟ್ಟಿಯಾಗಿ ಓದಿದ. "ಹಾಂ, ಈಗ ನೋಡು ಹ್ಯಾಂಗ ಕಾಣ್ತದ. ಖಾಲಿ ಕಣ್ಣಿಲೆ ಓದ್ಲತ್ತೇನಿ" ಎಂದು ಹೆಂಡತಿಯ ಕಡೆ ತಿರುಗಿ ನಕ್ಕ. ಆ ನಗು ಕಂಡು ಸುವರ್ಣಾಳಿಗೆ ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ.

ರುಕ್ಮಿಣಿಬಾಯಿಯ ಫೋನು ಬಂತು. "ತೆರೀತಂತಲ್ಲ! ಶಿವು ಹೇಳಿದ. ನಿನ್ನಿ ನಾ ಹೇಳಿದ್ದೇ ಕೋಡ್ ಹತ್ತಿತೇನು ಕಡೀಕಿ?"

"ಹೌದ್ರಿ ಅಕ್ಕೋರೇ. ನೀವು ಹೇಳಿದ್ದೇ."

"ನಾ ಅಂದಿದ್ದಿಲ್ಲಾ? ಆ ಕಲೀಮ ಸುಳ್ಳೇ ಮುಗೀತು ಮುಗೀತು ಅಂತಿದ್ದ."

ಉಣ್ಣುವಾಗ ಸಿದ್ದು ರೊಟ್ಟಿ ಮುರಿಯುತ್ತ ತಾಯಿಯ ಕಡೆ ನೋಡದೆ ಕೇಳಿದ, "ಆಕಿನೇ ಮಾಡಿದ್ಳೇನು?"

"ಹೂಂ."

"ಏನರೆ ಅಂದ್ಳೇನು?"

"ಕೋಡ್ ಅಂದ್ಳು."

ಸಿದ್ದು ತಲೆಯಾಡಿಸಿದ. ಸುವರ್ಣಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಬೆನ್ನ ಮೇಲೆ ಒಂದು ಸಲ ಕೈಯಿಟ್ಟು ತೆಗೆದಳು.

ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ಅವಳು ಎಡಗೈಯನ್ನು ಬಲ್ಬಿನ ಕಡೆ ತಿರುಗಿಸಿ ನೋಡಿಕೊಂಡಳು. ಮೊಣಕೈಯ ಒಳಮಗ್ಗಲಲ್ಲಿ ಹಸಿರು ನರವೊಂದು ಕಂಡೂ ಕಾಣದಂತೆ ಹಾದುಹೋಗಿತ್ತು. ಬಲಗೈಯ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿದಳು. ಜಾರಿತು. ಇನ್ನೊಮ್ಮೆ ಒತ್ತಿದಳು. ಸಿಕ್ಕಿತು.

ಔರಾದದ ಬಸ್ಸು ಹತ್ತಬೇಕು. ಸಂತಪುರ ದಾಟಿದರೆ ಆಯಿತು, ಮಧ್ಯಾಹ್ನದೊಳಗೆ ತಿರುಗಿ ಬರಬಹುದು. ಬಸ್‌ಸ್ಟ್ಯಾಂಡಿನಲ್ಲಿ ರುಕ್ಮಿಣಿಬಾಯಿಯ ಕಣ್ಣಿಗೆ ಬೀಳದಂತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎದುರಿನ ಲ್ಯಾಬಿಗೆ ಹೋಗಬೇಕು. ಬೆಂಚಿನ ಮೇಲೆ ಉಳಿದವರ ನಡುವೆ ಕೂತು, ಸರ್ ಎದ್ದು ಬಂದರೆ, ನೀವಲ್ಲ, ಆ ಹುಡುಗಿ ಬರಲಿ ಎನ್ನಬೇಕು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ತೋಳು ಚಾಚಬೇಕು. ಒಂದು ಸಲಕ್ಕೆ ಸಿಗದಿದ್ದರೆ ಎರಡನೆಯ ಸಲ. ಏನಾದರೂ ಆಗಲಿ, ಕೈ ಹಿಂದಕ್ಕೆ ಎಳೆದುಕೊಳ್ಳಬಾರದು.

"ನಾಳೆ ಚೀಲ ಭಾಳ ಅವ" ಎಂದ ಶಿವರಾಜಪ್ಪ ಪಡಸಾಲೆಯಿಂದ, ಟ್ಯಾಬಿನಿಂದ ಕಣ್ಣು ತೆಗೆಯದೆ. "ಬೆಳಿಗ್ಗೇನೇ ಕಳಿಸ್ಲೇನು?"

"ನಾಳೆ ಬ್ಯಾಡ. ನಾಡದು ಕಳಿಸ್ರಿ" ಎಂದಳು ಸುವರ್ಣಾ, ಮತ್ತು ಸಡಿಲ ತೋಳಿನ ಕುಪ್ಪಸ ಯಾವುದಿದೆ ಎಂದು ನೋಡಲು ಒಳಗೆ ಹೋದಳು.